ಆಯ್ದುದರ ಅಳತೆ

೧

ಹಳೆಯ ಮನೆಯನ್ನು ಕೆಡಹಿ ಹೊಸದನ್ನು ಕಟ್ಟಿದ ಊರುಗಳಲ್ಲಿ, ಹಿತ್ತಿಲ ಗೋಡೆಗೆ ಒರಗಿಸಿದ ಬಾಗಿಲ ಹಲಗೆಗಳನ್ನು ಕಾಣದವರು ವಿರಳ. ಅವು ಒಂದೆರಡು ವರ್ಷ ಮಳೆಗೆ ನೆನೆದು ಬಿಸಿಲಿಗೆ ಒಣಗಿ, ಕಡೆಗೆ ಒಲೆಯನ್ನೋ ಗುಜರಿಯವನ ಗಾಡಿಯನ್ನೋ ಸೇರುವುವು. ಅವುಗಳಲ್ಲೊಂದನ್ನು ಯಾವನಾದರೂ ಎತ್ತಿಕೊಂಡು, ಹತ್ತರಿ ಹಿಡಿದು ನಯಮಾಡಿ, ಕಾಲು ಕೊಟ್ಟು ಮೇಜನ್ನಾಗಿ ಮಾಡಿದನೆಂದರೆ ಕಂಡವರು ಅವನನ್ನು ಹೊಗಳುವರು. ಕಾಸು ಉಳಿಸಿದನೆಂದು ಒಬ್ಬರು, ಕೈಕೆಲಸ ಬಲ್ಲವನೆಂದು ಇನ್ನೊಬ್ಬರು, ವ್ಯರ್ಥವಾಗಗೊಡದ ಸದ್ಗುಣಿಯೆಂದು ಮತ್ತೊಬ್ಬರು. ಮೊದಲ ಎರಡು ಹೊಗಳಿಕೆಗಳಲ್ಲಿ ವಾದಕ್ಕೆ ಎಡೆಯಿಲ್ಲ. ಮೂರನೆಯದು ಮಾತ್ರ ವಿಚಾರಕ್ಕೆ ತಕ್ಕುದು. ಬಿಸುಟುದನ್ನು ಆಯ್ದು ಬಳಸುವುದು ತನ್ನಷ್ಟಕ್ಕೆ ತಾನೇ ಧರ್ಮವೆನಿಸುವುದೆ? ಅಥವಾ ಅದು ಧರ್ಮವಾಗಬೇಕಾದರೆ ಬೇರೊಂದು ಗುಣದ ಕಾವಲು ಅದಕ್ಕೆ ಬೇಕೆ?

ಈ ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ಬಿಡಿಸುವುದಕ್ಕಿಂತ ಒಂದು ಸಣ್ಣ ಕೆಲಸದ ಮೇಲಿಟ್ಟು ನೋಡುವುದು ಲೇಸು. ರಾಯಚೂರು ಜಿಲ್ಲೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯೊಳಗೆ ಸಂತೆಕಲ್ಲೂರು ಎಂಬ ಊರುಂಟು. ಹೆಸರಿನಲ್ಲಿಯೇ ಸಂತೆಯನ್ನು ಇಟ್ಟುಕೊಂಡ ಈ ಊರು, ಒಕ್ಕಲುತನವನ್ನು ಕುರಿತು 'ಕೃಷಿಜ್ಞಾನಪ್ರದೀಪಿಕೆ' ಎಂಬ ಗ್ರಂಥವನ್ನು ರಚಿಸಿದ ಘನಮಠ ಶಿವಯೋಗಿಗಳ ಹೆಸರಿನಿಂದ ನಾಡಿಗೆ ಪರಿಚಿತವಾಗಿರುವುದು. ಎರೆಯ ಹೊಲ, ಜೋಳ, ಹತ್ತಿ ಇವು ಆ ಸೀಮೆಯ ಹಳೆಯ ಬಾಳು. ೧೯೪೫ರಲ್ಲಿ ಮೊದಲಾಗಿ ೧೯೫೩ರಲ್ಲಿ ಮುಗಿದ ತುಂಗಭದ್ರೆಯ ಅಣೆಕಟ್ಟಿನಿಂದ ಹೊರಟ ಎಡದಂಡೆಯ ಕಾಲುವೆಯು ಸಿಂಧನೂರಿನ ಕಡೆಗೆ ನೀರನ್ನೂ ಬತ್ತದ ಬೆಳೆಯನ್ನೂ ತಂದಿತು. ನೀರು ಬಂದಲ್ಲಿಗೆ ಮೀನೂ ಬಂದಿತು. ಎರೆಹುಳುವನ್ನು ಗಾಳಕ್ಕೆ ಚುಚ್ಚಿ, ಜೋಳದ ದಂಟಿನ ಬೆಂಡನ್ನು ದಾರಕ್ಕೆ ಕಟ್ಟಿ, ಆ ಬೆಂಡು ಮುಳುಗುವುದನ್ನೇ ಕಾದು ಹಳ್ಳದ ದಡದಲ್ಲಿ ಕುಳಿತ ಹುಡುಗರು ಇಂತಹ ಸೀಮೆಗೆ ಹೊಸಬರಲ್ಲ.

ಈ ಊರಿನಂತಹ ಊರಿನ ಗೃಹಸ್ಥನೊಬ್ಬನು ಬಿಡುವಿನ ವೇಳೆಯಲ್ಲಿ ಮೀನು ಹಿಡಿಯುವ ಹವ್ಯಾಸವುಳ್ಳವನೆಂದೂ, ಎರೆಹುಳುವಿನ ಬದಲಿಗೆ ಕೃತಕವಾದ ಎರೆಯನ್ನು ತಾನೇ ಕಟ್ಟಿಕೊಳ್ಳಲು ಮನಸ್ಸು ಮಾಡಿದನೆಂದೂ ಭಾವಿಸಬಹುದು. ಜಿಗ್ ಎಂದು ಕರೆಯಲ್ಪಡುವ ಈ ಎರೆಯ ರಚನೆ ಸರಳವಾದುದು. ಗಾಳದ ಕೊಕ್ಕೆಯ ಕೊರಳಿನಲ್ಲಿ ತೂಕಕ್ಕಾಗಿ ಒಂದು ಗುಂಡು. ಅದರ ಹಿಂದೆ ನೂಲಿನಿಂದ ಬಿಗಿದ ಗರಿ ಅಥವಾ ಕೂದಲು. ನೀರಿನೊಳಗೆ ಅದನ್ನು ಎಳೆದೆಳೆದು ಬಿಟ್ಟಂತೆಲ್ಲ ಗರಿಯು ಅಲುಗಿ ಮರಿಮೀನಿನ ಹಾಗೆ ತೋರುವುದು. ದೊಡ್ಡ ಮೀನು ನಂಬಿ ಕಚ್ಚುವುದು. ಕೊಕ್ಕೆ ಚಿಕ್ಕದು, ನೂಲು ತೆಳುವಾದುದು, ಕೆಲಸ ಸೂಕ್ಷ್ಮವಾದುದು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಮಾಡಲು ಬಾರದು. ಅದಕ್ಕೊಂದು ಮೇಜು ಬೇಕು.

೨

ಆ ಮೇಜನ್ನು ಅವನು ಸಂತೆಯಿಂದ ಕೊಂಡು ತರಲಿಲ್ಲ. ನೆರೆಮನೆಯವರು ಕಿತ್ತುಹಾಕಿದ ಬಾಗಿಲಿನಿಂದ ಆರಡಿಯ ಒಂದು ಹಲಗೆಯನ್ನು ಅವರನ್ನು ಕೇಳಿ ತಂದನು. ಕೆಟ್ಟುಹೋದ ಹೊಲಿಗೆಯಂತ್ರದ ಎರಕದ ಕಾಲುಗಳು ಮೇಜಿಗೆ ಕಾಲುಗಳಾದುವು. ಕೊಕ್ಕೆಯನ್ನು ಅಲುಗದಂತೆ ಹಿಡಿಯಲು, ಕಮ್ಮಾರರು ವೈಸು ಎನ್ನುವ ತಿರುಪಿನ ಹಿಡಿ ಬೇಕಷ್ಟೆ. ಅದಕ್ಕೆ ಹಿಡಿ ಮುರಿದ ಹಳೆಯ ಇಕ್ಕಳದ ಮೂತಿಯನ್ನೇ ಒಂದು ಬೋಲ್ಟಿನಿಂದ ಬಿಗಿದು ಹಲಗೆಯ ಅಂಚಿಗೆ ನಿಲ್ಲಿಸಿದನು. ನೂಲಿನ ಉಂಡೆಯನ್ನು ಹಿಡಿಯುವ ತೋಳು ಸೈಕಲ್ಲಿನ ಕಡ್ಡಿಯನ್ನು ಬಗ್ಗಿಸಿ ಮಾಡಿದ್ದು. ನೂಲು ಹೊರಬರುವ ಕೊಳವೆ ಬರೆದು ಮುಗಿದ ಪೆನ್ನಿನದು. ಗಂಟು ಹಾಕುವ ಸೂಜಿ ಮುರಿದ ಕೊಡೆಯ ಕಡ್ಡಿಯಿಂದ ಬಂದಿತು. ಗರಿಯ ತುದಿಯನ್ನು ಕಚ್ಚಿಹಿಡಿಯಲು ಬಟ್ಟೆ ಒಣಗಹಾಕುವ ಕ್ಲಿಪ್ಪು ಸಾಕಾಯಿತು. ಗರಿಗಳು ಅಂಗಳದ ಹುಂಜ ಉದುರಿಸಿದವು. ಕೂದಲು ಕಂಬಳಿ ನೇಯುವವರ ಅಂಗಳದಲ್ಲಿ ಉಳಿದದ್ದು. ಹೊಳಪಿನ ಎಳೆ ಮನೆಯ ಹಳೆಯ ಇಳಕಲ್ಲು ಸೀರೆಯ ಸೆರಗಿನದು.

ಬಾಗಿಲ ಹಲಗೆ ಮೇಜಾಗುವಾಗ ತನ್ನ ಹಿಂದಿನ ಬಾಳನ್ನು ಪೂರ್ತಿಯಾಗಿ ಬಿಟ್ಟುಕೊಡದು. ಎಲ್ಲಿ ಗಂಟಿದೆಯೋ ಅಲ್ಲಿ ಉಳಿ ತಿರುಗುವುದು. ಎಲ್ಲಿ ಮುರಿದ ಮೊಳೆ ಒಳಗೆ ಉಳಿದಿದೆಯೋ ಅಲ್ಲಿ ಗರಗಸದ ಹಲ್ಲು ಹೋಗುವುದು. ಹೊಸ ಮರದಲ್ಲಿ ಮಾಡುವವನು ತನ್ನ ಮನಸ್ಸಿನ ಆಕಾರವನ್ನು ಮರದ ಮೇಲೆ ಹೊರಿಸುವನು. ಹಳೆಯ ಮರದಲ್ಲಿ ಮಾಡುವವನು ಮರದೊಡನೆ ಸಮಾಲೋಚಿಸಬೇಕಾಗುವುದು. ಅಗುಳಿ ಕೂರುತ್ತಿದ್ದ ತೂತನ್ನು ಮುಚ್ಚದೆ ಬಿಟ್ಟರೆ ಕತ್ತರಿಯನ್ನು ನಿಲ್ಲಿಸಲು ಅದೇ ಸ್ಥಳವಾಗುವುದು. ಮೇಜಿನ ಸುತ್ತಲೂ ಒಂದು ಬೆರಳೆತ್ತರದ ಅಂಚುಪಟ್ಟಿಯನ್ನು ಹೊಡೆಯುವುದು ಅವಶ್ಯಕ. ಬರಿಗಾಲಿನಲ್ಲಿ ಎಲ್ಲರೂ ಓಡಾಡುವ, ಕೂಸು ಅಂಬೆಗಾಲಿಡುವ ಮನೆಯಲ್ಲಿ ಒಂದು ಕೊಕ್ಕೆ ನೆಲಕ್ಕೆ ಬಿದ್ದರೆ ಅದರ ಫಲವನ್ನು ಅನುಭವಿಸುವವನು ಕಟ್ಟಿದವನಲ್ಲ. ಆ ಅಂಚುಪಟ್ಟಿಯೇ ಇಡೀ ಮೇಜಿನಲ್ಲಿ ಅತ್ಯಂತ ಧಾರ್ಮಿಕವಾದ ಭಾಗವೆಂದರೆ ತಪ್ಪಾಗದು.

ತನ್ನ ಆಟದ ಉಪಕರಣವನ್ನು ತಾನೇ ಮಾಡಿಕೊಳ್ಳಬೇಕೆಂಬ ಮತ ಹಳೆಯದು. ೧೪೯೬ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ, ಜೂಲಿಯಾನ ಬರ್ನರ್ಸ್ ಎಂಬ ಸಂನ್ಯಾಸಿನಿಯ ಹೆಸರಿನಲ್ಲಿ ಬಂದ ಗಾಳದ ಮೀನುಗಾರಿಕೆಯ ಪುಸ್ತಕವೊಂದುಂಟು. ಅದು ಕೋಲನ್ನು ಮರದ ಕೊಂಬೆಯಿಂದಲೂ, ದಾರವನ್ನು ಕುದುರೆಯ ಬಾಲದ ಕೂದಲಿನಿಂದಲೂ, ಕೊಕ್ಕೆಯನ್ನು ಹೊಲಿಗೆಯ ಸೂಜಿಯನ್ನು ಕಾಯಿಸಿ ಬಗ್ಗಿಸಿಯೂ ಮಾಡಿಕೊಳ್ಳುವ ಬಗೆಯನ್ನು ಹಂತಹಂತವಾಗಿ ತಿಳಿಸುವುದು. ಹನ್ನೆರಡು ಬಗೆಯ ಗರಿಯ ಎರೆಗಳನ್ನು ಹೇಳುವುದು. ಇಷ್ಟೆಲ್ಲವನ್ನೂ ಕಲಿಸಿದ ಮೇಲೆ, ಒಮ್ಮೆಗೆ ಬಹಳ ಮೀನನ್ನು ಹಿಡಿಯುವ ಆಸೆ ಬೇಡವೆಂದು ಎಚ್ಚರಿಸುವುದು. ಕೈಚಳಕವನ್ನು ಕಲಿಸಿದ ಪುಸ್ತಕವೇ ಕೈತಡೆಯನ್ನೂ ಕಲಿಸಿತೆಂಬುದು ಗಮನಿಸತಕ್ಕ ಮಾತು.

ಕನ್ನಡನಾಡಿನಲ್ಲಿ ಈ ವಿಷಯದ ಬರೆಹ ಅದಕ್ಕಿಂತ ಮೂರೂವರೆ ಶತಮಾನಗಳಷ್ಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಉಂಟು. ಮೀನಿನ ಜಾತಿಗಳು, ಅವುಗಳಿಗೆ ಇಡತಕ್ಕ ಆಹಾರ, ಕೋಲು, ದಾರ, ಕೊಕ್ಕೆ ಇವೆಲ್ಲವೂ ಅಲ್ಲಿ ವಿವರವಾಗಿ ಬಂದಿರುವುವು. ಆದರೆ ಅದು ಅರಸನ ವಿನೋದ. ಅರಸನಿಗೆ ಬೇಕಾದುದನ್ನು ಆಯ್ದು ತರುವವರು ಇತರರು. ಎಷ್ಟು ಬೇಕೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿದವರು ಅದೇ ಕಲ್ಯಾಣಕ್ಕೆ ಕೆಲವು ದಶಕಗಳ ಮೇಲೆ ಬಂದ ಬಡ ದಂಪತಿಗಳು. ಅವರ ಮಾತು ಮುಂದೆ ಬರುವುದು. ಅದಕ್ಕೆ ಮೊದಲು ಇನ್ನೊಂದು ತೊಡಕನ್ನು ಬಿಡಿಸಬೇಕು.

೩

ಬಿಸುಟ ವಸ್ತು ಯಾರದು? ಯಾರದೂ ಅಲ್ಲವೆಂಬುದು ಸುಲಭವಾದ ಉತ್ತರ. ಸುಲಭವಾದುದರಿಂದಲೇ ಅದನ್ನು ಶಂಕಿಸಬೇಕು. ಹಿತ್ತಿಲ ಗೋಡೆಗೆ ಒರಗಿಸಿದ ಹಲಗೆ ಬಿಸುಟದ್ದೋ, ಮುಂದೊಂದು ದಿನಕ್ಕೆಂದು ಇಟ್ಟದ್ದೋ ಹೇಳಲಾಗದು. ಕಾಲುವೆಯ ತೂಬಿನ ಬಳಿ ತುಕ್ಕು ಹಿಡಿದು ಬಿದ್ದ ಕಬ್ಬಿಣದ ಪಟ್ಟಿ ಯಾರಿಗೂ ಬೇಡವಾದಂತೆ ತೋರಿದರೂ ಅದು ಸಾವಿರ ಹೊಲಗಳ ಸೊತ್ತು. ಪಾಳುಬಿದ್ದ ಗುಡಿಯ ಬಾಗಿಲಿನ ಕೆತ್ತನೆಯ ತುಂಡು ಮಣ್ಣಿನಲ್ಲಿ ಹೂತಿದ್ದರೂ ಊರಿನ ನೆನಪಿಗೆ ಸೇರಿದ್ದು. ಅದನ್ನು ಮೇಜಿನ ಅಂದಕ್ಕೆಂದು ಎತ್ತಿದವನು ಉಳಿಸಿದವನಲ್ಲ, ಕದ್ದವನು.

ಈ ವಿಷಯದಲ್ಲಿ ನಾಡಿನ ಹಳೆಯ ಧರ್ಮಗಳು ಬಹು ನಿಷ್ಠುರವಾಗಿದ್ದುವು. ಜೈನ ಶ್ರಾವಕಾಚಾರದಲ್ಲಿ ಅಚೌರ್ಯವೆಂದರೆ ಕನ್ನ ಹಾಕದಿರುವುದು ಮಾತ್ರವಲ್ಲ. ಪರರದು ನೆಲಕ್ಕೆ ಬಿದ್ದಿದ್ದರೂ, ಅವರು ಮರೆತು ಹೋಗಿದ್ದರೂ, ಕೊಡದೆ ಇರುವಾಗ ತೆಗೆದುಕೊಳ್ಳದಿರುವುದೂ ಅದರಲ್ಲಿ ಸೇರಿರುವುದು. ಬೌದ್ಧ ಭಿಕ್ಷುಗಳಲ್ಲಿ ಪಾಂಸುಕೂಲವೆಂಬ ವ್ರತವಿತ್ತು. ಧೂಳಿನಲ್ಲಿಯೂ ಮಸಣದಲ್ಲಿಯೂ ಬಿಸುಟ ಬಟ್ಟೆಯ ಚಿಂದಿಗಳನ್ನು ಆಯ್ದು, ತೊಳೆದು, ಹೊಲಿದು ಉಡುವುದೇ ಆ ವ್ರತ. ಅಲ್ಲಿಯೂ ಒಡೆಯನು ನಿಜವಾಗಿ ತೊರೆದುದೆಂದು ಖಚಿತವಾದ ಮೇಲೆಯೇ ಕೈಯಿಕ್ಕಬೇಕು. ಎರಡು ಮತಗಳೂ ಒಪ್ಪುವ ತತ್ತ್ವ ಇದು: ವಸ್ತು ಒಡೆಯನ ಕೈಯಿಂದ ಬಿದ್ದೊಡನೆ ಅವನ ಹಕ್ಕು ಬೀಳುವುದಿಲ್ಲ, ಅವನ ಮನಸ್ಸಿನಿಂದ ಬಿದ್ದಾಗಲೇ ಅದು ಬಿಡುಗಡೆಯಾದುದು. ಆ ಮನಸ್ಸನ್ನು ತಿಳಿಯಲು ಇರುವ ಉಪಾಯ ಒಂದೇ, ಬಾಯಿಬಿಟ್ಟು ಕೇಳುವುದು. ಗೃಹಸ್ಥನು ಹಲಗೆಯನ್ನು ನೆರೆಯವರನ್ನು ಕೇಳಿ ತಂದನೆಂಬ ಮೇಲಿನ ಒಂದು ಮಾತಿನಲ್ಲಿ ಈ ಭಾಗದ ವಿಚಾರವೆಲ್ಲವೂ ಅಡಗಿರುವುದು. ಕೇಳುವುದರಿಂದ ಇನ್ನೊಂದು ಫಲವೂ ಉಂಟು. ಕೊಟ್ಟವನಿಗೂ ತನ್ನ ಮನೆಯ ಹಳೆಯ ಬಾಗಿಲು ಏನಾಯಿತೆಂದು ತಿಳಿಯುವುದು. ಬಿಸುಟದ್ದು ಕೊಟ್ಟದ್ದಾಗಿ ಮಾರ್ಪಡುವುದು.

೪

ಇನ್ನು ಎಷ್ಟು ಆಯಬೇಕೆಂಬ ಪ್ರಶ್ನೆ. ಈ ಲೇಖನದ ತಿರುಳು ಇದೇ.

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಆ ಸೀಮೆಯಲ್ಲಿ ಅರಿಯದವರಿಲ್ಲ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹವನ್ನು ನಡೆಸುವುದು ಮಾರಯ್ಯನ ಕಾಯಕ. ಆ ಕಾಯಕವೇ ಅವನ ಹೆಸರಿಗೆ ಸೇರಿ ಅವನು ಆಯ್ದಕ್ಕಿ ಮಾರಯ್ಯನಾದನು. ಒಂದು ದಿನ ಅವನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಎಂದಿನಷ್ಟನ್ನು ಇಟ್ಟುಕೊಂಡು, ಮಿಕ್ಕುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿ ಕಳುಹಿಸಿದಳು.

ಈ ಕಥೆಯನ್ನು ನಿರಾಶೆಯ ದೃಷ್ಟಾಂತವೆಂದು ಹೇಳಿ ಮುಂದೆ ಹೋಗುವುದು ವಾಡಿಕೆ. ಆದರೆ ಅದರ ಸೂಕ್ಷ್ಮವನ್ನು ನಿಂತು ನೋಡಬೇಕು. ಮಾರಯ್ಯನು ಯಾರ ಕಣಜವನ್ನೂ ಕೊರೆದಿರಲಿಲ್ಲ. ಯಾರ ಕೈಯಿಂದಲೂ ಕಸಿದಿರಲಿಲ್ಲ. ಅವನು ತಂದದ್ದು ನೆಲಕ್ಕೆ ಬಿದ್ದ ಅಕ್ಕಿ. ಕಾಲಡಿಗೆ ಸಿಕ್ಕಿ ಹಾಳಾಗತಕ್ಕದ್ದು. ಲೋಕದ ಲೆಕ್ಕದಲ್ಲಿ ಹೆಚ್ಚಿಗೆ ಆಯ್ದುದು ಹೆಚ್ಚಿನ ಪುಣ್ಯ. ಬಿಸುಟುದನ್ನು ಉಳಿಸುವುದೇ ಧರ್ಮವಾಗಿದ್ದಲ್ಲಿ ಆ ದಿನ ಮಾರಯ್ಯನು ಎಂದಿಗಿಂತ ದೊಡ್ಡ ಧರ್ಮಿಷ್ಠನು. ಲಕ್ಕಮ್ಮನು ಆ ಲೆಕ್ಕವನ್ನು ಒಪ್ಪಲಿಲ್ಲ. ಅವಳ ದೃಷ್ಟಿಯಲ್ಲಿ ಅಕ್ಕಿ ಬಿದ್ದದ್ದೆಂಬುದು ಆಯುವುದಕ್ಕೆ ಅನುಮತಿ ಮಾತ್ರ. ಎಷ್ಟು ಆಯಬೇಕೆಂಬುದಕ್ಕೆ ಪ್ರಮಾಣವು ಮನೆಯ ಅಗತ್ಯದಿಂದಲೇ ಬರಬೇಕು. ಬಿದ್ದಿರುವುದು ಬಹಳವಿರುವ ಕಾರಣದಿಂದ ಬೇಕಾಗುವುದೂ ಬಹಳವಾಗದು. ಆಸೆಯು ಅರಮನೆಯ ದಾರಿಯಿಂದ ಬರುವಂತೆಯೇ ಆಯ್ದುಣ್ಣುವವನ ಜೋಳಿಗೆಯ ದಾರಿಯಿಂದಲೂ ಬರಬಲ್ಲುದೆಂದು ಆ ಹೆಣ್ಣುಮಗಳು ಕಂಡಳು.

ಉಳಿತಾಯದ ವೇಷವನ್ನು ಹಾಕಿಕೊಂಡು ಬರುವ ಆಸೆಯನ್ನು ಗುರುತಿಸುವುದು ಕಷ್ಟ. ಕೊಳ್ಳುವವನಿಗೆ ಹಣವಾದರೂ ತಡೆಯಾಗುವುದು. ಆಯುವವನಿಗೆ ಆ ತಡೆಯೂ ಇಲ್ಲ. ಒಂದು ಮೇಜಿಗೆಂದು ಹೊರಟವನು ನಾಲ್ಕು ಬಾಗಿಲುಗಳನ್ನು ತಂದಿಡುವನು. ಮುಂದೆ ಬೇಕಾದೀತೆಂದು ಮುರಿದ ಕೊಡೆಗಳು, ಒಡೆದ ಗಡಿಯಾರಗಳು, ತುಕ್ಕಿನ ಡಬ್ಬಗಳು ಹಜಾರವನ್ನು ತುಂಬುವುವು. ಮನೆಯವರು ಅವುಗಳ ನಡುವೆ ದಾರಿ ಹುಡುಕಿ ನಡೆಯಬೇಕಾಗುವುದು. ಕೇಳಿದರೆ, ತಾನು ಏನನ್ನೂ ವ್ಯರ್ಥವಾಗಗೊಡುವುದಿಲ್ಲವೆಂಬ ಉತ್ತರ ಸಿದ್ಧವಾಗಿರುವುದು. ವಾಸ್ತವವಾಗಿ ಅಲ್ಲಿ ವ್ಯರ್ಥವಾದುದು ಮನೆಯ ಜಾಗ. ಮತ್ತು ಆ ವಸ್ತುಗಳನ್ನು ನಿಜವಾಗಿ ಬಳಸಬಹುದಾಗಿದ್ದ ಇನ್ನೊಬ್ಬನ ಅವಕಾಶ. ಗುಜರಿಯವನ ಗಾಡಿಯೂ ಒಂದು ಜೀವನೋಪಾಯವೆಂಬುದನ್ನು ಮರೆಯಲಾಗದು.

ಈ ಆಸೆಯ ತುದಿ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಗರಿ ಕಟ್ಟುವವರ ಲೋಕದಲ್ಲಿಯೇ ಒಂದು ನಿದರ್ಶನವುಂಟು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾಲ್ಮನ್ ಮೀನಿಗೆಂದು ಕಟ್ಟುವ ಎರೆಗಳಲ್ಲಿ ದೇಶದೇಶಾಂತರಗಳ ಅಪೂರ್ವ ಹಕ್ಕಿಗಳ ಗರಿಗಳನ್ನು ಬಳಸುವ ಶೋಕಿ ಬೆಳೆಯಿತು. ಮೀನಿಗೆ ಆ ಅಪೂರ್ವತೆಯಿಂದ ಆಗಬೇಕಾದುದೇನೂ ಇಲ್ಲ. ಬಣ್ಣ ಹಾಕಿದ ಕೋಳಿಯ ಗರಿಯೂ ಅದಕ್ಕೆ ಸಮನೇ. ಆದರೂ ಆ ಹಳೆಯ ಮಾದರಿಗಳನ್ನು ಕಟ್ಟುವ ಮೋಹ ಉಳಿದುಕೊಂಡಿತು. ೨೦೦೯ರ ಜೂನಿನಲ್ಲಿ, ಎರೆ ಕಟ್ಟುವುದರಲ್ಲಿ ಪ್ರವೀಣನೆಂದು ಹೆಸರಾಗಿದ್ದ ಒಬ್ಬ ಸಂಗೀತ ವಿದ್ಯಾರ್ಥಿಯು ಇಂಗ್ಲೆಂಡಿನ ಟ್ರಿಂಗ್ ಎಂಬಲ್ಲಿಯ ವಸ್ತುಸಂಗ್ರಹಾಲಯಕ್ಕೆ ರಾತ್ರಿ ನುಗ್ಗಿ ೨೯೯ ಹಕ್ಕಿಗಳ ಚರ್ಮಗಳನ್ನು ಕದ್ದನು. ಅವುಗಳಲ್ಲಿ ಕೆಲವು, ಡಾರ್ವಿನ್ನನ ಸಮಕಾಲೀನನಾದ ಆಲ್ಫ್ರೆಡ್ ರಸೆಲ್ ವಾಲೇಸನು ದ್ವೀಪಾಂತರಗಳಲ್ಲಿ ಅಲೆದು ಸಂಗ್ರಹಿಸಿದವು. ಎಲ್ಲಿ, ಎಂದು ದೊರೆತುದೆಂದು ಬರೆದಿದ್ದ ಚೀಟಿಗಳು ಹಲವಕ್ಕೆ ಕಿತ್ತುಹೋಗಿ, ವಿಜ್ಞಾನಕ್ಕೆ ಅವು ಮೂಕವಾದುವು. ನೀರನ್ನೇ ಕಾಣದ ಎರೆಗಳಿಗಾಗಿ ನೂರೈವತ್ತು ವರ್ಷಗಳ ವಿದ್ಯೆ ಹಾಳಾಯಿತು.

ಅಂಗಳದಲ್ಲಿ ಉದುರಿದ ಗರಿಗೂ, ಪೆಟ್ಟಿಗೆಯಿಂದ ಕದ್ದ ಗರಿಗೂ ನಡುವೆ ಒಂದೇ ಹೆಜ್ಜೆಯ ದಾರಿಯಿಲ್ಲ. ಅನೇಕ ಸಣ್ಣ ಹೆಜ್ಜೆಗಳಿರುವುವು. ಉದುರಿದುದು ಸಾಲದೆಂದು ತೋರಿದ ದಿನ ಮೊದಲ ಹೆಜ್ಜೆ ಬಿದ್ದಿತು. ಹೊಲದಲ್ಲಿ ಬಿದ್ದ ನವಿಲುಗರಿಯನ್ನು ಹೆಕ್ಕಿದ ಕೈ, ಅದೇ ಬಣ್ಣ ಮತ್ತೆ ಬೇಕೆಂದಾಗ ನವಿಲಿನ ಕಡೆಗೆ ನೋಡುವುದು. ಕಾಯಿದೆಯು ನವಿಲನ್ನು ಕೊಲ್ಲಬಾರದೆಂದು ಹೇಳಿರುವುದು ನಿಜ. ಆದರೆ ಕಾಯಿದೆ ನಿಲ್ಲುವುದು ಹೊರಬಾಗಿಲಿನಲ್ಲಿ. ಮನೆಯೊಳಗಿನ ಪ್ರಶ್ನೆಯನ್ನು ಲಕ್ಕಮ್ಮನಂತಹವರೇ ಕೇಳಬೇಕು.

೫

ಅಳತೆಯೆಂಬುದು ಎಷ್ಟು ಎಂಬುದಕ್ಕೆ ಸೇರಿದಂತೆ ಯಾವುದು ಎಂಬುದಕ್ಕೂ ಸೇರಿದುದು. ಬಿಸುಟ ವಸ್ತುಗಳಲ್ಲಿ ಆಯಬಾರದವೂ ಉಂಟು. ಜಿಗ್ಗಿನ ತಲೆಯ ಗುಂಡು ಅದಕ್ಕೆ ಉದಾಹರಣೆ. ಅದನ್ನು ಸೀಸದಿಂದ ಎರೆಯುವುದು ಹಳೆಯ ರೂಢಿ. ಸೀಸ ೩೨೭ ಡಿಗ್ರಿಯ ಶಾಖದಲ್ಲಿಯೇ ಕರಗುವುದರಿಂದ ಅಡಿಗೆಯ ಒಲೆಯೇ ಅದಕ್ಕೆ ಸಾಕು. ಸತ್ತ ಮೋಟಾರು ಬ್ಯಾಟರಿಗಳನ್ನು ಒಡೆದರೆ ಅದು ಬೇಕಾದಷ್ಟು ಸಿಗುವುದು. ಉಳಿಸುವ ಗುಣವನ್ನೇ ಪರಮಧರ್ಮವೆಂದು ತಿಳಿದವನಿಗೆ ಇದಕ್ಕಿಂತ ಸೊಗಸಾದ ಅವಕಾಶ ಇನ್ನೊಂದಿಲ್ಲ.

ಆದರೆ ಬ್ಯಾಟರಿಯೊಳಗೆ ಸೀಸದೊಡನೆ ಗಂಧಕಾಮ್ಲವೂ, ಸೀಸದ ಆಕ್ಸೈಡಿನ ಪುಡಿಯೂ ಇರುವುವು. ಒಡೆದಾಗ ಎದ್ದ ಧೂಳು, ಕರಗಿಸಿದಾಗ ಎದ್ದ ಹೊಗೆ, ಗೋಡೆಗೂ ನೆಲಕ್ಕೂ ಪಾತ್ರೆಗೂ ಅಂಟುವುವು. ಅಂಬೆಗಾಲಿಡುವ ಮಗು ಆ ನೆಲವನ್ನು ಮುಟ್ಟಿದ ಕೈಯನ್ನು ಬಾಯಿಗೆ ಇಡುವುದು. ಸೀಸವು ಬೆಳೆಯುವ ಮೆದುಳನ್ನು ಕೆಡಿಸುವುದೆಂದೂ, ಮಕ್ಕಳಿಗೆ ಇಷ್ಟು ಮಾತ್ರ ನಿರಪಾಯವೆಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಮನೆಯ ಹೊರಗೂ ಅದರ ಹಾನಿ ನಿಲ್ಲದು. ದಾರ ಹರಿದು ಕೆರೆಯ ತಳಕ್ಕೆ ಬಿದ್ದ ಸೀಸದ ಚೂರನ್ನು ನೀರುಹಕ್ಕಿಗಳು ಹರಳೆಂದು ನುಂಗುವುವು. ಕಾಳನ್ನು ಅರೆಯುವ ಅವುಗಳ ಗಟ್ಟಿ ಹೊಟ್ಟೆಯಲ್ಲಿ ಅದು ಸವೆದು ರಕ್ತಕ್ಕೆ ಸೇರುವುದು. ಇಂಗ್ಲೆಂಡಿನಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದುದನ್ನು ಕಂಡು ೧೯೮೭ರಲ್ಲಿ ಗಾಳದ ಸೀಸದ ತೂಕಗಳಲ್ಲಿ ಬಹುಪಾಲನ್ನು ನಿಷೇಧಿಸಲಾಯಿತು; ಆ ಮೇಲೆ ಹಂಸಗಳ ಸಂಖ್ಯೆ ಚೇತರಿಸಿಕೊಂಡಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುವುದನ್ನು ಕಂಡವರಿಗೆ ಈ ಮಾತು ದೂರದ್ದೆಂದು ತೋರಲಾರದು.

ಸೀಸಕ್ಕೆ ಬದಲಾಗಿ ಸೈಕಲ್ಲಿನ ಚಕ್ರದೊಳಗಿನ ಉಕ್ಕಿನ ಗುಂಡನ್ನೋ, ಹಿತ್ತಾಳೆಯ ಸಣ್ಣ ನಟ್ಟನ್ನೋ ಬಳಸಬಹುದು. ಸೀಸದ ಸಾಂದ್ರತೆ ನೀರಿಗಿಂತ ೧೧.೩ ಪಾಲು, ಕಬ್ಬಿಣದ್ದು ೭.೯. ಆದುದರಿಂದ ಅಷ್ಟೇ ತೂಕಕ್ಕೆ ಗುಂಡು ಸ್ವಲ್ಪ ದೊಡ್ಡದಾಗುವುದು, ಸ್ವಲ್ಪ ನಿಧಾನವಾಗಿ ಮುಳುಗುವುದು. ಮಗುವಿನ ಮೆದುಳಿಗೂ ಹಕ್ಕಿಯ ಪ್ರಾಣಕ್ಕೂ ತೆರಬೇಕಾದ ಬೆಲೆ ಇಷ್ಟೇ. ಕೆಲವು ವಸ್ತುಗಳನ್ನು ಲೋಕವು ಅಜ್ಞಾನದಿಂದ ಬಿಸುಟಿರುವುದು. ಅವುಗಳನ್ನು ಆಯುವುದು ವಿವೇಕ. ಕೆಲವನ್ನು ತಿಳಿದೇ ಬಿಸುಟಿರುವುದು. ಅವುಗಳನ್ನು ಸರಿಯಾದ ಕೈಗೆ ತಲುಪಿಸುವುದೇ ವಿವೇಕ.

೬

ಇಲ್ಲಿಯ ತನಕ ಓದಿದವರಲ್ಲಿ ಕೆಲವರಿಗೆ ಒಂದು ಆಕ್ಷೇಪ ಮೊದಲಿನಿಂದಲೇ ಇದ್ದಿರಬಹುದು. ಮೇಜು ಎಷ್ಟೇ ಮಿತವ್ಯಯದಿಂದ ಆಗಿರಲಿ, ಅದರ ಮೇಲೆ ಆಗುವ ಕೆಲಸ ಒಂದು ಪ್ರಾಣಿಯನ್ನು ವಂಚಿಸುವ ಉಪಾಯವಲ್ಲವೆ? ಸಾಧನದ ಶುದ್ಧಿಯಿಂದ ಸಾಧ್ಯದ ಅಶುದ್ಧಿ ತೊಳೆದುಹೋಗುವುದೆ? ಈ ಆಕ್ಷೇಪವನ್ನು ನಗೆಮಾತಿನಿಂದ ತಳ್ಳಿಹಾಕಲಾಗದು. ಎರೆಹುಳುವಿನಲ್ಲಿ ಮೀನಿಗೆ ಒಂದು ತುತ್ತಾದರೂ ಉಂಟು. ಗರಿಯ ಎರೆಯಲ್ಲಿ ಅದೂ ಇಲ್ಲ. ಕಟ್ಟುವವನ ಕೌಶಲ ಹೆಚ್ಚಿದಷ್ಟೂ ಮೋಸ ಪೂರ್ಣವಾಗುವುದು. ಮೇಜಿನ ಅಂದವನ್ನು ತೋರಿಸಿ ಈ ಸತ್ಯವನ್ನು ಮರೆಸುವುದು ತನ್ನನ್ನೇ ವಂಚಿಸಿಕೊಳ್ಳುವುದು.

ಇದಕ್ಕೆ ಪೂರ್ಣವಾದ ಪರಿಹಾರ ಕೊಲ್ಲದಿರುವುದೊಂದೇ. ಅದನ್ನು ಒಪ್ಪಿ ನಡೆಯುವ ಮನೆಗಳು ನಾಡಿನಲ್ಲಿ ಬಹಳ ಉಂಟು. ಅವುಗಳೊಡನೆ ಇಲ್ಲಿ ವಿವಾದ ಇಲ್ಲ. ಆದರೆ ಮೀನನ್ನು ಉಣ್ಣುವ ಮನೆಗಳೂ ಬಹಳ ಉಂಟು. ಅವುಗಳಿಗೆ ಧರ್ಮದ ಮಾತೇ ಸಲ್ಲದೆಂದು ಹೇಳುವುದು ಅನ್ಯಾಯ. ಸಂತೆಕಲ್ಲೂರಿಗೆ ನೆರೆಯದಾದ ಮಸ್ಕಿಯಲ್ಲಿ ೧೯೧೫ರಲ್ಲಿ ದೊರೆತ ಬಂಡೆಯ ಶಾಸನವು ಅಶೋಕನ ಹೆಸರನ್ನೇ ಹೇಳಿ, ದೇವಾನಾಂಪ್ರಿಯನು ಯಾರೆಂಬುದನ್ನು ಲೋಕಕ್ಕೆ ನಿಸ್ಸಂದೇಹವಾಗಿ ತಿಳಿಸಿತು. ಆ ಅಶೋಕನ ಅಹಿಂಸೆ ಹೇಗಿತ್ತೆಂಬುದನ್ನು ಅವನ ಬೇರೆ ಶಾಸನಗಳಲ್ಲಿ ಕಾಣಬಹುದು. ರಾಯಚೂರಿನ ಸೀಮೆಗೆ ದೂರವಲ್ಲದ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಕೊರೆದಿರುವ ಮೊದಲನೆಯ ಬಂಡೆಶಾಸನದಲ್ಲಿ, ಹಿಂದೆ ಅರಮನೆಯ ಅಡಿಗೆಗೆ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರೆಂದೂ, ಆಗ ಎರಡು ನವಿಲು, ಒಂದು ಜಿಂಕೆ ಮಾತ್ರ ಉಳಿದಿರುವುದೆಂದೂ, ಮುಂದೆ ಅವೂ ನಿಲ್ಲುವುವೆಂದೂ ಹೇಳಿದೆ. ಉತ್ತರದ ಕಂಬದ ಶಾಸನವೊಂದರಲ್ಲಿ ವರ್ಷದ ಕೆಲವು ನಿಯತ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಬಾರದು ಎಂಬ ಕಟ್ಟಳೆಯಿದೆ. ಚಕ್ರವರ್ತಿಯು ತನ್ನ ಅಡಿಗೆಯ ಮನೆಯ ಲೆಕ್ಕವನ್ನು ಬಂಡೆಯ ಮೇಲೆ ಬರೆಯಿಸಿ, ಇನ್ನೂ ಮೂರು ಉಳಿದಿವೆಯೆಂದು ಒಪ್ಪಿಕೊಂಡನು. ಲೆಕ್ಕವನ್ನು ಮುಚ್ಚಿಡದಿರುವುದು ಮಿತಿಗೆ ಮೊದಲನೆಯ ಮೆಟ್ಟಿಲು.

ಈ ಲೆಕ್ಕ ತಪ್ಪಿದಾಗ ಆಗುವುದನ್ನು ಕನ್ನಡನಾಡಿನ ನದಿಗಳೇ ತೋರಿಸಿರುವುವು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬವನು ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ, ಇಂಡಿಯಾದ ಗಾಳದ ಬೇಟೆಯನ್ನು ಕುರಿತ ಪುಸ್ತಕ ಬಹಳ ಹೆಸರಾಯಿತು. ಅವನು ಬೇಟೆಗಾರನಾಗಿದ್ದಂತೆಯೇ ಮೀನಿನ ಸಂತತಿಯನ್ನು ಕಾಯಬೇಕೆಂದು ವಾದಿಸಿದವನೂ ಆಗಿದ್ದನು. ೧೮೯೭ರ ಮೀನುಗಾರಿಕೆಯ ಕಾಯಿದೆ ನೀರಿಗೆ ಸಿಡಿಮದ್ದನ್ನೂ ವಿಷವನ್ನೂ ಹಾಕಿ ಮೀನನ್ನು ಕೊಲ್ಲುವುದನ್ನು ಅಪರಾಧವೆಂದು ಸಾರಿತು. ೧೯೪೬ರಲ್ಲಿ ಕಪಿಲೆಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮಹಶೀರ್ ಮೀನು ೧೨೦ ಪೌಂಡು ತೂಗಿತು. ಕಾವೇರಿಯ ಹರವಿಗೆ ಮಾತ್ರ ಸೇರಿದ ಆ ಗೂನುಬೆನ್ನಿನ ಮಹಶೀರ್ ೨೦೧೮ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅಣೆಕಟ್ಟು, ಮರಳು ತೆಗೆಯುವಿಕೆ, ಸಿಡಿಮದ್ದು, ಹೊರಗಿನಿಂದ ತಂದುಬಿಟ್ಟ ಬೇರೆ ಮೀನು, ಹೀಗೆ ಕಾರಣಗಳು ಹಲವು. ಆದರೆ ಎಲ್ಲದರ ಹಿಂದೆಯೂ ಇರುವುದು, ನೀರಿನಲ್ಲಿರುವುದು ಯಾರದೂ ಅಲ್ಲ, ಆದುದರಿಂದ ಎಷ್ಟಾದರೂ ತೆಗೆಯಬಹುದೆಂಬ ಭಾವನೆ. ಹಿತ್ತಿಲ ಹಲಗೆಯನ್ನು ಕುರಿತು ಕೇಳಿದ ಪ್ರಶ್ನೆಯೇ ನದಿಯ ಮೀನನ್ನು ಕುರಿತು ಕೇಳತಕ್ಕದ್ದು. ಹಳ್ಳಿಯ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳು ಗುತ್ತಿಗೆಗೆ ಪಡೆದಿರುವುದುಂಟು; ಅಂತಹ ಕಡೆ ಹವ್ಯಾಸಕ್ಕೆಂದು ಹಿಡಿದ ಮೀನು ಒಬ್ಬನ ಹೊಟ್ಟೆಯ ಪಾಲು.

೭

ಹೀಗೆ ನೋಡಿದಾಗ ಮೂರು ಪ್ರಶ್ನೆಗಳೂ ಕಡೆಗೆ ಒಂದಾಗುವುವು. ಹಲಗೆ ಯಾರದು, ಗರಿ ಎಷ್ಟು, ಮೀನು ಏತಕ್ಕೆ ಎಂಬಿವನ್ನು ಕೇಳಿಕೊಳ್ಳದೆ ಆಯ್ದವನು, ಕೊಂಡು ಬಿಸುಡುವವನ ಅಣ್ಣತಮ್ಮನೇ. ಕೇಳಿಕೊಂಡು ಆಯ್ದವನಿಗೆ ಮಾತ್ರ ಮಿತವ್ಯಯವು ಧರ್ಮವಾಗುವುದು. ಉಳಿಸುವ ಗುಣ ಒಳ್ಳೆಯ ಆಳು. ಅದಕ್ಕೆ ಸಾಕೆಂಬ ಅರಿವು ಒಡತಿಯಾಗಿರಬೇಕು.

ಮನೆಯಲ್ಲಿ ಮಾಡಿಕೊಂಡ ಮೇಜಿಗೆ ಈ ಅರಿವನ್ನು ಕಲಿಸುವ ಶಕ್ತಿಯುಂಟು. ಡಬ್ಬಿಗಟ್ಟಲೆ ಎರೆಗಳನ್ನು ಕೊಂಡವನಿಗೆ ಅವುಗಳ ಸಂಖ್ಯೆಯ ನೆನಪಿರದು. ಒಂದೊಂದು ಗಂಟನ್ನೂ ದೀಪದ ಬೆಳಕಿನಲ್ಲಿ ತಾನೇ ಹಾಕಿದವನಿಗೆ ಒಂದು ಸಂಜೆಗೆ ನಾಲ್ಕು ಮಾತ್ರ ಆಗುವುದೆಂದು ಗೊತ್ತು. ಒಂದು ಕಳೆದರೆ ಯಾವುದು ಕಳೆಯಿತೆಂದೂ ಗೊತ್ತು. ಅವನು ದಾರವನ್ನು ನೀರಿಗೆ ಹರಿದುಬಿಡಲು ಹಿಂಜರಿಯುವನು. ಕೈಯಿಂದ ಮಾಡುವುದರ ಹೆಚ್ಚುಗಾರಿಕೆ ಇಲ್ಲಿರುವುದು. ಕೈಗೆ ದಣಿವುಂಟು, ದಣಿವು ಮಿತಿಯನ್ನು ತಾನೇ ಹೇಳುವುದು. ಕೆರೆಯಂಚಿನ ಹುಲ್ಲನ್ನು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನಿಗೆ ಎಷ್ಟು ಹುಲ್ಲು ಬೇಕೆಂಬುದನ್ನು ಅವನ ಅಂಗೈಯೇ ಹೇಳಿಕೊಟ್ಟಿರಬೇಕು.

ಗೃಹಸ್ಥನ ಮೇಜಿಗೆ ಮೂರಡಿ ಉದ್ದ ಸಾಕಾಯಿತು. ತಂದ ಹಲಗೆ ಆರಡಿಯದು. ಉಳಿದ ಮೂರಡಿಯನ್ನು ಏನು ಮಾಡಬೇಕು? ಮುಂದೆ ಬೇಕಾದೀತೆಂದು ಗೋಡೆಗೆ ಒರಗಿಸಿಡಬಹುದು. ಇನ್ನೊಂದು ಸಣ್ಣ ಮೇಜಿಗೂ ಅದು ಆದೀತು; ಒಂದು ಅಟ್ಟಣಿಗೆಗೂ ಆದೀತು; ಆಗದಿದ್ದರೆ ಅಲ್ಲಿಯೇ ಇದ್ದೀತು. ಮನೆಯಾಕೆ ಆಗ ಒಂದೇ ಪ್ರಶ್ನೆಯನ್ನು ಕೇಳುವಳೆಂದು ಇಟ್ಟುಕೊಳ್ಳಬಹುದು: ಇದು ಯಾವ ಕೆಲಸಕ್ಕೆ? ಹೇಳುವುದಕ್ಕೆ ಕೆಲಸವಿದ್ದರೆ ಹಲಗೆ ಉಳಿಯಲಿ. ಇಲ್ಲದಿದ್ದರೆ ಅದನ್ನು ಹೆಗಲ ಮೇಲೆ ಹೊತ್ತು, ಎಂಟು ಶತಮಾನಗಳ ಹಿಂದೆ ಕಲ್ಯಾಣದ ಬೀದಿಯಲ್ಲಿ ಅದೇ ಸೀಮೆಯ ಒಬ್ಬನು ಅಕ್ಕಿಯ ಗಂಟನ್ನು ಹಿಂದಕ್ಕೆ ಹೊತ್ತು ನಡೆದಂತೆ, ನೆರೆಮನೆಯ ಹಿತ್ತಿಲಿಗೆ ಹೋಗಿ ಇಟ್ಟು ಬರಬೇಕು.